ಕುಂಕುಮ ಹಚ್ಚಿದ ಬೆಣೆ

ತಗಡಿಗೆ ಅಚ್ಚೊತ್ತುವ ಪವರ್ ಪ್ರೆಸ್ಸಿಗೆ ಎರಡು ಬಟನ್ ಕೊಟ್ಟಿರುವುದು ಮನುಷ್ಯನಿಗೆ ಎರಡು ಕೈ ಇರುವುದರಿಂದ. ಎರಡೂ ಕೈ ಬಟನ್ ಮೇಲಿದ್ದರೆ ಮಾತ್ರ ಮೇಲಿನ ಅಚ್ಚು ಕೆಳಗೆ ಬಡಿಯುತ್ತದೆ. ಆಗ ಬೆರಳು ಅದರಡಿ ಸಿಕ್ಕುವ ಮಾತೇ ಇಲ್ಲ. ಇಷ್ಟು ತಿಳಿಯಲು ಯಾರೂ ಎಂಜಿನಿಯರ್ ಆಗಬೇಕಿಲ್ಲ.

ಲಗ್ಗೆರೆಯ ಒಂದು ಶೆಡ್ಡಿನಲ್ಲಿ ಇಂಥ ಹತ್ತು ಹಳೆಯ ಪ್ರೆಸ್ಸುಗಳಿವೆ. ಸ್ಕೂಟರಿಗೆ ಹಾಕುವ ಕ್ಲಾಂಪು ಅಲ್ಲಿ ತಯಾರಾಗುತ್ತದೆ. ಹೋದ ವರ್ಷ ನೀಲಾಂಬಿಕಾ ಕೆಲಸಕ್ಕೆ ಸೇರಿದಾಗ ಹತ್ತಕ್ಕೆ ಹತ್ತೂ ಪ್ರೆಸ್ಸಿನ ಎಡಗಡೆ ಬಟನ್ನಿನ ಸಂದಿಗೆ ಮರದ ಬೆಣೆ ತುರುಕಿದ್ದರು. ಬೆಣೆ ಇದ್ದರೆ ಆ ಬಟನ್ ಸದಾ ಒತ್ತಿದಂತೆಯೇ ಇರುತ್ತದೆ. ಬಲಗೈ ಬಟನ್ ಒತ್ತುತ್ತಾ ಹೋದರೆ ಎಡಗೈ ತಗಡು ಇಡುತ್ತಾ ಹೋಗಬಹುದು. ಕೆಲಸ ಬೇಗ ಮುಗಿಯುತ್ತದೆ. ಆಯುಧಪೂಜೆಯಲ್ಲಿ ಯಂತ್ರಕ್ಕೆ ವಿಭೂತಿ ಬಳಿದವರು ಬೆಣೆಗೂ ಕುಂಕುಮ ಇಟ್ಟಿದ್ದರು. ಕೈ ತಿನ್ನುವುದಕ್ಕೇ ಪೂಜೆ!

ನೀಲಾಂಬಿಕಾ ಮೊದಲ ದಿನವೇ ತನ್ನ ಬೆಣೆ ಕಿತ್ತು ಪಕ್ಕಕ್ಕಿಟ್ಟಳು. ಸಂಜೆ ಮನೆಯಲ್ಲಿ ಸೀರೆಗೆ ಕುಚ್ಚು ಕಟ್ಟುವವಳು ಅವಳು. ಅದಕ್ಕೆ ಹತ್ತೂ ಬೆರಳು ಬೇಕು.

ಆದರೆ ಆ ಶೆಡ್ಡಿನಲ್ಲಿ ಹತ್ತೂ ಪ್ರೆಸ್ಸಿನ ಕೆಲಸ ಮುಗಿಯದೆ ಯಾರೂ ಹೊರಡುವಂತಿಲ್ಲ. ಅವಳ ದೆಸೆಯಿಂದ ಎಲ್ಲರಿಗೂ ದಿನಾ ಅರ್ಧ ಗಂಟೆ ತಡ. ಮೊದಲು ಗೊಣಗಾಟ ಶುರುವಾಯಿತು. ಆಮೇಲೆ ಊಟಕ್ಕೆ ಕೂರುವವರು ಅವಳನ್ನು ಬಿಟ್ಟು ದೂರ ಸರಿದರು. ಪಕ್ಕದ ಪ್ರೆಸ್ಸಿನ ಕಲ್ಯಾಣಮ್ಮ ಎಲ್ಲರಿಗಿಂತ ಜೋರು. ಆರು ವರ್ಷದ ಹಿಂದೆ ಅದೇ ಪ್ರೆಸ್ಸಿಗೆ ಎಡಗೈಯ ತೋರುಬೆರಳು ಕೊಟ್ಟವಳು! "ಮಹಾರಾಣಿ ಬೆರಳಿಗೆ ವಜ್ರದುಂಗುರ ಬರೋದಿದೆ ಕಣ್ರೇ, ಕಾಯೋಣ" ಅನ್ನುತ್ತಿದ್ದಳು.

ಇಪ್ಪತ್ತೆರಡನೇ ದಿನ ನೀಲಾಂಬಿಕಾ ಸೋತಳು. ತನ್ನ ಕೈಯಾರೆ ಬೆಣೆ ತುರುಕಿದಳು. ಅಂದು ಊಟದ ಗುಂಪು ಜಾಗ ಬಿಟ್ಟುಕೊಟ್ಟಿತು, ಯಾರೋ ಉಪ್ಪಿನಕಾಯಿಯನ್ನೂ ಬಡಿಸಿದರು. ಮಧ್ಯಾಹ್ನ ಮೂರಕ್ಕೆ ಅಚ್ಚು ಬಡಿದು ಅವಳ ಎಡಗೈ ಗ್ಲೌಸಿನ ತುದಿಯನ್ನು ಕತ್ತರಿಸಿಕೊಂಡು ಹೋಯಿತು. ಬೆರಳು ಕೂದಲೆಳೆಯಷ್ಟು ಹಿಂದಿತ್ತು.

ಅವಳು ಎದ್ದಳು. ಬೆಣೆ ಕಿತ್ತು ಸೂಪರ್‌ವೈಸರ್ ಮಧ್ವೇಶನ ಮೇಜಿನ ಮೇಲಿಟ್ಟು, ಇನ್ನು ಇದನ್ನು ಹಾಕುವುದಿಲ್ಲ ಎಂದಳು. ಅವನು ಮೇನ್ ಸ್ವಿಚ್ ಆಫ್ ಮಾಡಿಸಿದ. ಶೆಡ್ಡಿಗೆ ಶೆಡ್ಡೇ ಸ್ತಬ್ಧ.

"ಎಲ್ಲರೂ ಹಾಕ್ಕೊಂಡಿದಾರಲ್ಲಮ್ಮ. ನಿಮ್ಮೊಬ್ಬರಿಗೇನು?"

"ಎಲ್ಲರೂ ಅಂದ್ರೆ ಯಾರು ಸಾರ್? ಒಬ್ಬೊಬ್ಬರನ್ನೇ ಕೇಳಿ."

ಬೆಣೆ ಬೇಡ ಅನ್ನುವವರು ಬೇರೆ ಯಾರಿದ್ದೀರಿ ಎಂದು ಅವನು ನಗುತ್ತಲೇ ಕೇಳಿದ. ಒಂಬತ್ತು ಮುಖ ನೆಲ ನೋಡಿದವು. ನಾಳೆಯಿಂದ ಬರಬೇಡಿ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು.

ಟಕ್!

ಕಲ್ಯಾಣಮ್ಮ ತನ್ನ ಬೆಣೆ ಕಿತ್ತು ಸಿಮೆಂಟ್ ನೆಲಕ್ಕೆ ಬಿಸಾಡಿದ್ದಳು. "ನನಗೂ ಬೇಡ ಸಾರ್."

ಟಕ್! ಆಚೆ ಮೂಲೆಯಿಂದ ಇನ್ನೊಂದು. ಟಕ್, ಟಕ್! ಒಂದರ ಹಿಂದೆ ಒಂದು, ಎಂಟು ಬೆಣೆ ನೆಲಕ್ಕೆ! ಒಬ್ಬ ಮಾತ್ರ ತನ್ನದನ್ನು ತೆಗೆಯಲಿಲ್ಲ, ಆದರೆ ತಲೆಯನ್ನೂ ಎತ್ತಲಿಲ್ಲ. ಮಧ್ವೇಶನ ಮಾತು ಬಾಯಲ್ಲೇ ಉಳಿಯಿತು. ಒಬ್ಬಳನ್ನಾದರೆ ಮನೆಗೆ ಕಳಿಸಬಹುದು. ಒಂಬತ್ತು ಜನರನ್ನು ಕಳಿಸಿ ಪ್ರೆಸ್ಸನ್ನು ಅವನೇ ಓಡಿಸುತ್ತಾನೆಯೇ?

ಆಮೇಲೊಮ್ಮೆ ಆ ಶೆಡ್ಡಿಗೆ ಹೋಗಿದ್ದಾಗ, ಬೆರಳು ಹೋದ ಮೇಲೂ ಆರು ವರ್ಷ ಯಾಕೆ ಸುಮ್ಮನಿದ್ದಿರಿ ಎಂದು ಕಲ್ಯಾಣಮ್ಮನನ್ನು ಕೇಳಿದೆ. "ಮಿಕ್ಕೋರಿಗೆಲ್ಲ ಬೆಣೆ ಬೇಕು ಅಂದ್ಕೊಂಡಿದ್ದೆ. ನೋಡಿದ್ರೆ ಅವರೂ ಹಂಗೇ ಅಂದ್ಕೊಂಡಿದ್ರಂತೆ" ಎಂದಳು. ಯಾರಿಗೂ ಬೇಡದ ಒಂದು ಮರದ ಚೂರನ್ನು ಹತ್ತು ಜನ ಸೇರಿ ಕುಂಕುಮವಿಟ್ಟು ಕಾಪಾಡಿದ್ದರು!

ನೀಲಾಂಬಿಕಾ ಈಗಲೂ ಅಲ್ಲೇ ಇದ್ದಾಳೆ. ಸಂಜೆ ಕುಚ್ಚು ಕಟ್ಟುತ್ತಾಳೆ. ಅವಳನ್ನು ಹೊಗಳಿ ನನಗೆ ಪತ್ರ ಬರೆಯಬೇಡಿ. ನಿಮ್ಮ ಆಫೀಸಿನಲ್ಲೋ ಅಪಾರ್ಟ್‌ಮೆಂಟಿನ ಸಭೆಯಲ್ಲೋ ನಾಳೆ ಯಾರೋ ಒಬ್ಬರು ಎದ್ದು "ಬೇಡ" ಅನ್ನುತ್ತಾರೆ. ಆಗ ನೆಲ ನೋಡಬೇಡಿ. ಎರಡನೆಯವರಾಗಿ ಎದ್ದು ನಿಲ್ಲಿ.