ಅಮ್ಮನ ಕೈ ಖಾಲಿ ಇಲ್ಲ

ನಮ್ಮಮ್ಮ ಶಾಂತಕುಮಾರಿಗೆ ಇರುವುದು ಎರಡೇ ಕೈ. ಹಲಸೂರಿನ ದೇವರುಗಳಿಗೆ ಅದು ಏನೇನೂ ಸಾಲದು. ಮರ್ಫಿ ಟೌನಿನ ನಮ್ಮ ಮನೆಯಿಂದ ಮಾರ್ಕೆಟ್ಟಿಗೆ ಹೊರಟರೆ ಮೂಲೆಯ ಗಣೇಶ, ಚರ್ಚಿನ ಮಾತೆ, ದರ್ಗಾ, ಮಾರಮ್ಮ, ಸೋಮೇಶ್ವರ ಎಲ್ಲರ ಮುಂದೆಯೂ ನಿಲ್ಲಬೇಕು. ಚೀಲವನ್ನು ನನ್ನ ಕುತ್ತಿಗೆಗೆ ನೇತುಹಾಕಿ ಎರಡೂ ಕೈ ಜೋಡಿಸಬೇಕು. ಅರ್ಧ ಕಿಲೋ ಬೀನ್ಸ್ ತರಲು ಅರ್ಧ ದಿನ.

“ಎಲ್ರಿಗೂ ಯಾಕಮ್ಮ?” ಎಂದು ಒಮ್ಮೆ ಕೇಳಿದ್ದೆ.

“ನೀನು ಹೊಟ್ಟೇಲಿ ಅಡ್ಡ ತಿರುಗಿದ್ದೆ ಕಣೇ. ನೋವಲ್ಲಿ ನೆನಪಿಗೆ ಬಂದ ದೇವ್ರನ್ನೆಲ್ಲಾ ಕರೆದ್ಬಿಟ್ಟೆ. ಯಾರು ಬಂದು ಕಾಪಾಡಿದ್ರೋ ಗೊತ್ತಾಗ್ಲಿಲ್ಲ. ಈಗ ಯಾರನ್ನ ಬಿಡ್ಲಿ?”

ಇಂದಿರಾನಗರದ ಆಫೀಸಿನಲ್ಲಿ ಕೂತು ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವುದು ನನ್ನ ಉದ್ಯೋಗ. ಗುಡಿ ಕಂಡರೆ ನಾನು ಮೊಬೈಲ್ ನೋಡುತ್ತಾ ನಿಲ್ಲುವವಳು.

ಹೋದ ವರ್ಷ ಅಪ್ಪ ಚಿಕ್ಕಮುನಿಯಪ್ಪನವರ ಮಂಡಿ ಕೈಕೊಟ್ಟಿತು. ಆಟೋದ ಬ್ರೇಕ್ ತುಳಿಯುವಂತಿಲ್ಲ ಎಂದರು ಡಾಕ್ಟರು. ಶಾಲೆ ಮಕ್ಕಳನ್ನು ಕರೆದೊಯ್ಯುವ ಆ ಆಟೋವನ್ನು ಮಾರಿಬಿಡೋಣ, ನನ್ನ ಸಂಬಳ ಇದೆಯಲ್ಲ ಎಂದೆ.

“ನಿನ್ ಸಂಬಳ ನೀನಿಟ್ಕೋ. ಗಾಡಿ ನಾನು ಓಡಿಸ್ತೀನಿ,” ಎಂದಳು ಅಮ್ಮ. ಅಲ್ಲಿಯವರೆಗೆ ಸೈಕಲ್ಲನ್ನೂ ಹತ್ತದ ಹೆಂಗಸು! ಎದುರು ಮನೆಯ ತೂಬಾಳ ಮಗಳು ಅಪ್ಪನ ಆಟೋದಲ್ಲೇ ಶಾಲೆಗೆ ಹೋಗುತ್ತಿದ್ದಳು. “ಜೂನಲ್ಲಿ ಸ್ಕೂಲ್ ಶುರುವಾಗೋ ತನಕ ಕಾಯ್ತೀವಿ ಶಾಂತಕ್ಕ. ಆಮೇಲೆ ಬೇರೆ ಗಾಡಿ ನೋಡ್ಬೇಕಾಗುತ್ತೆ,” ಎಂದಳು ತೂಬಾ. ಉಳಿದ ಮನೆಯವರದ್ದೂ ಅದೇ ಮಾತು.

ಕ್ಲಚ್ಚು, ಗೇರು ಎಲ್ಲ ಅಮ್ಮನಿಗೆ ಬೇಗ ಒಗ್ಗಿದವು. ಹಿಂದೆ ಕೂತು ಕಿರುಚುವ ಅಪ್ಪನೂ ಒಗ್ಗಿದರು. ಏಪ್ರಿಲ್‌ನಲ್ಲಿ ಲೈಸೆನ್ಸ್ ಟೆಸ್ಟಿಗೆಂದು ಕೆ.ಆರ್. ಪುರದ ಕಡೆಯ ಮೈದಾನಕ್ಕೆ ಹೋದೆವು. ಅದರ ಬೇಲಿಗೆ ಅಂಟಿಕೊಂಡೇ ಪಟಾಲಮ್ಮನ ಗುಡಿ. ಅಮ್ಮ ಆಟೋದಲ್ಲಿ ಎಂಟರ ಆಕಾರ ಹಾಕುತ್ತಾ ಅರ್ಧಕ್ಕೆ ಬಂದಾಗ ಮಂಗಳಾರತಿಯ ಗಂಟೆ ಮೊಳಗಿತು. ಅವಳ ಎರಡೂ ಕೈ ಹ್ಯಾಂಡಲ್ ಬಿಟ್ಟು ಎದೆಯ ಮುಂದೆ ಕೂಡಿಕೊಂಡವು. ಆಟೋ ತನ್ನಷ್ಟಕ್ಕೆ ತಾನೇ ಹೋಗಿ ಕಂಬಕ್ಕೆ ಒರಗಿತು.

“ಕೈ ಮುಗೀಬೇಕಂದ್ರೆ ಇಳಿದು ಮುಗೀರಿ ತಾಯಿ,” ಎಂದರು ಇನ್‌ಸ್ಪೆಕ್ಟರು. ಫೇಲು.

“ಒಂದ್ ಕೈ ಎದೆಗೆ ಮುಟ್ಟಿಸ್ಕೊಂಡ್ರೆ ಸಾಲ್ದಾ? ಇಷ್ಟ್ ವರ್ಷ ನಾನು ಹಾಗೇ ಮಾಡಿದ್ದು,” ಎಂದರು ಅಪ್ಪ.

“ಅದಕ್ಕೇ ನಿಮ್ ಮಂಡಿ ಹೋಗಿದ್ದು.”

ಅಭ್ಯಾಸಕ್ಕಾದರೂ ಗುಡಿಯಿಲ್ಲದ ದಾರಿ ಹುಡುಕೋಣವೆಂದು ನಾನು ಮ್ಯಾಪ್ ತೆರೆದೆ. ಸಿಕ್ಕಿದ ಒಂದೇ ಒಂದು ದಾರಿ ನೇರ ಹೋಗಿ ಹಲಸೂರು ಕೆರೆಯಲ್ಲಿ ಮುಗಿಯುತ್ತಿತ್ತು.

ಆ ಭಾನುವಾರ ಅಮ್ಮ ತಲೆಗೆ ಸ್ನಾನ ಮಾಡಿ ಬರಿಗಾಲಲ್ಲಿ ಹೊರಟಳು. ಗುಡಿ, ಚರ್ಚು, ದರ್ಗಾ, ಒಂದನ್ನೂ ಬಿಡಲಿಲ್ಲ. ಬಸ್ಸು ಹತ್ತಿ ಪಟಾಲಮ್ಮನ ಹತ್ತಿರವೂ ಹೋದಳು. ಎಲ್ಲ ಕಡೆಯೂ ಒಂದೇ ಅರ್ಜಿ: “ಕೈ ನಿಮ್ದೇ. ಆದ್ರೆ ಗಾಡಿ ಓಡ್ಸೋವಾಗ ಮಾತ್ರ ಅದು ಮಕ್ಕಳದ್ದು. ಬೇಜಾರು ಮಾಡ್ಕೋಬೇಡಿ.” ಬಿಸಿಲಿಗೆ ಕಾದ ಕಲ್ಲಿನ ಮೇಲೆ ಕಾಲು ಬದಲಿಸುತ್ತಾ ನಿಂತಿದ್ದ ಅವಳನ್ನು ನೋಡಿ ನನಗೆ ನಗು ಬರಬೇಕಿತ್ತು. ಬರಲಿಲ್ಲ. ನಾನಾಗಿದ್ದರೆ ಮೊದಲ ಸಲ ಫೇಲಾದ ಕೂಡಲೇ ಬಿಟ್ಟುಬಿಡುತ್ತಿದ್ದೆ.

ಮೇ ತಿಂಗಳಲ್ಲಿ ಎರಡನೇ ಟೆಸ್ಟು. ಮತ್ತೆ ಗಂಟೆ, ಮತ್ತೆ ಕಂಬ.

“ಅವ್ರೆಲ್ಲಾ ಒಪ್ಕೊಂಡಿದ್ರು ಕಣೇ,” ಎಂದಳು ಅಮ್ಮ. “ಕೈ ಒಪ್ಲಿಲ್ಲ.”

ಅಪ್ಪ ಆಟೋ ಕೊಳ್ಳುವವರಿಗೆ ಫೋನ್ ಮಾಡಲು ಶುರು ಮಾಡಿದರು. ಅಮ್ಮ ಅವರ ಫೋನ್ ಕಿತ್ತು ಅಕ್ಕಿ ಡಬ್ಬದಲ್ಲಿ ಹಾಕಿ, ಮರುದಿನ ಬೆಳಿಗ್ಗೆ ನನ್ನನ್ನು ಎಬ್ಬಿಸಿ ಆಟೋದಲ್ಲಿ ಕೂರಿಸಿದಳು. “ನಾನು ಓಡಿಸ್ತೀನಿ. ನನ್ ಬದ್ಲು ನೀನು ಕೈ ಮುಗಿ. ಸರಿಯಾಗಿ ಮುಗಿ, ಸೊಳ್ಳೆ ಹೊಡ್ದಂಗಲ್ಲ.”

ಹೀಗೆ ನಾನು ದಿನಾ ಬೆಳಿಗ್ಗೆ ಹಲಸೂರಿನ ದೇವರಿಗೆಲ್ಲ ಕೈ ಮುಗಿಯತೊಡಗಿದೆ. ನಾಚಿಕೆ ಮೊದಲ ಸಿಗ್ನಲ್‌ವರೆಗಷ್ಟೇ ಉಳಿಯಿತು. ಮುಂದಿನ ಸೀಟಿನಲ್ಲಿ ಅಮ್ಮನ ಕೈ ಹ್ಯಾಂಡಲ್ ಬಿಡುತ್ತಿರಲಿಲ್ಲ.

ಶಾಲೆ ತೆರೆಯುವ ಹಿಂದಿನ ವಾರ ಮೂರನೇ ಟೆಸ್ಟು. ಇದೇ ಕೊನೆಯ ಅವಕಾಶ. ಈ ಸಲ ಇನ್‌ಸ್ಪೆಕ್ಟರು ದೂರ ನಿಲ್ಲದೆ ಆಟೋದ ಹಿಂದಿನ ಸೀಟಿನಲ್ಲೇ ಕೂತರು. ನಾನು ಬೇಲಿಯಾಚೆ. ಅಮ್ಮ ಅರ್ಧ ಎಂಟು ಹಾಕಿದ್ದಳು, ಗಂಟೆ ಮೊಳಗಿತು. ಅವಳ ಮೊಣಕೈ ಮೇಲೇಳುವುದು ನನಗೆ ಕಂಡಿತು. ಮುಗಿಯಿತು ಎಂದುಕೊಂಡೆ.

“ಸಾರ್!” ಎಂದು ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದಳು. “ನನ್ ಕೈ ಖಾಲಿ ಇಲ್ಲ. ನನ್ ಬದ್ಲು ನೀವೊಂದ್ಸಲ ಮುಗಿದ್ಬಿಡಿ!”

ಇನ್‌ಸ್ಪೆಕ್ಟರು ಗಾಬರಿಯಲ್ಲಿ ಪೆನ್ನು ಬಾಯಿಗೆ ಸಿಕ್ಕಿಸಿಕೊಂಡು ಎರಡೂ ಕೈ ಜೋಡಿಸಿದರು. ಆಟೋ ಎಲ್ಲೂ ತಗುಲದೆ ಎಂಟು ಮುಗಿಸಿ ನಿಂತಿತು. ಪಾಸು.

ಜೂನ್ ಮೊದಲ ವಾರ. ಹಿಂದೆ ಮಕ್ಕಳ ಗಲಾಟೆ, ಮುಂದೆ ಖಾಕಿ ಅಂಗಿ ತೊಟ್ಟ ಅಮ್ಮ. ಆಟೋ ನಮ್ಮ ಬೀದಿಯ ತಿರುವು ದಾಟಿತು. ಮಗಳನ್ನು ಹತ್ತಿಸಿ ಬಂದಿದ್ದ ತೂಬಾ ನನ್ನ ಜೋಡಿಸಿದ ಕೈ ನೋಡಿ ಅತ್ತಿತ್ತ ಕಣ್ಣಾಡಿಸಿದಳು.

“ಇಲ್ಲಿ ಗುಡಿ, ದರ್ಗಾ ಏನೂ ಇಲ್ವಲ್ಲ. ಯಾರಿಗ್ರೀ ಕೈ ಮುಗೀತಿದೀರಾ?”

“ಈಗ ಆಟೋ ತಿರುಗಿಸ್ಕೊಂಡ್ ಹೋದ್ರಲ್ಲ,” ಎಂದೆ, “ಅವ್ರಿಗೆ.”