ಅಟ್ಟ ಸೇರುವ ಉಡುಗೊರೆಗಳು

ಗೌರಿ ಹಬ್ಬ ಹತ್ತಿರ ಬಂತೆಂದರೆ ನನಗೆ ಮೈಯೆಲ್ಲ ಭಾರವಾಗುತ್ತದೆ. ತಿಪಟೂರಿನಲ್ಲಿ ನನ್ನದು ಮಿಕ್ಸಿ, ಫ್ಯಾನು, ಕುಕ್ಕರು, ಇಸ್ತ್ರಿಪೆಟ್ಟಿಗೆ ಮಾರುವ ಅಂಗಡಿ. ಶ್ರಾವಣ ಶುರುವಾದ ಮೇಲೆ ಕೂತು ಕಾಫಿ ಕುಡಿಯಲೂ ಪುರಸೊತ್ತಿರುವುದಿಲ್ಲ. ಬಂದವರೆಲ್ಲ ಕೇಳುವುದು ಒಂದೇ ಮಾತು. "ನಮ್ಮತ್ತೆಗೆ ಈ ಕರೆಂಟಿನ ಸಾಮಾನಂದ್ರೇನೇ ಆಗಕಿಲ್ಲ ಕಣ್ರೀ, ಆದ್ರೂ ಹಬ್ಬಕ್ಕೆ ಏನಾದ್ರೂ ಕೊಡ್ಬೇಕಲ್ಲ, ನೀವೇ ಒಂದು ಹೇಳಿ." ನಾನು ಹೇಳುತ್ತೇನೆ. ಅವರು ನಗುನಗುತ್ತಾ ಕೊಂಡುಹೋಗುತ್ತಾರೆ. ಹಬ್ಬ ಕಳೆದ ಮೇಲೆ ಅದೇ ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ವಾಪಸ್ಸು ಬರುತ್ತಾರೆ, ನಾನೇ ಏನೋ ಮೋಸ ಮಾಡಿದವನ ಹಾಗೆ ಮುಖ ನೋಡುತ್ತಾರೆ.

ಊರಿಗೆಲ್ಲ ಬುದ್ಧಿ ಹೇಳುವ ನನಗೆ ನನ್ನ ಸ್ವಂತ ಅಕ್ಕನಿಗೆ ಏನು ಒಯ್ಯಬೇಕು ಅನ್ನುವುದು ಇಷ್ಟು ವರ್ಷವಾದರೂ ತಿಳಿದಿಲ್ಲ.

ಅಕ್ಕನ ಮನೆ ಕಿಬ್ಬನಹಳ್ಳಿಯಿಂದ ಒಳಗೆ ಹೋದರೆ ಸಿಗುವ ಒಂದು ತೆಂಗಿನ ತೋಟದಲ್ಲಿದೆ. ಭಾವ, ಮಗ, ಸೊಸೆ, ಮೊಮ್ಮಕ್ಕಳು ಎಲ್ಲ ಇರುವ ತುಂಬಿದ ಮನೆ. ಅಪ್ಪ ಅಮ್ಮ ಹೋದ ಮೇಲೆ ಅವಳ ಪಾಲಿಗೆ ತವರು ಅಂದರೆ ನಾನು ಮತ್ತು ನನ್ನ ಹೆಂಡತಿ. ಗೌರಿ ಹಬ್ಬಕ್ಕೆ ಬಾಗಿನ ನಾವೇ ಒಯ್ಯಬೇಕು. ಮೊರದ ತುಂಬ ಅಕ್ಕಿ, ಬೇಳೆ, ಬೆಲ್ಲ, ಬಳೆ, ಅರಿಶಿನ ಕುಂಕುಮ, ಕುಬುಸದ ಬಟ್ಟೆ, ಒಂದು ತೆಂಗಿನಕಾಯಿ. ಕಾಯಿಯಲ್ಲೇ ಮುಳುಗಿಹೋಗಿರುವ ಮನೆಗೆ ನಾನು ಪೇಟೆಯಿಂದ ಕಾಯಿ ಹೊತ್ತುಕೊಂಡು ಹೋಗುವುದನ್ನು ನೋಡಿ ಭಾವ ಪ್ರತಿ ಸಲವೂ ನಗುತ್ತಾರೆ.

ಬಾಗಿನದ ಜೊತೆಗೆ ಬೇರೆ ಏನಾದರೂ ಕೊಡಬೇಕೆಂಬ ಹುಚ್ಚು ನನಗೆ ಅಂಗಡಿ ಇಟ್ಟ ಮೇಲೆ ಹತ್ತಿತು. ಒಂದು ಹಬ್ಬಕ್ಕೆ ಮಿಕ್ಸಿ ಕೊಟ್ಟೆ. ಇನ್ನೊಂದಕ್ಕೆ ಗ್ರೈಂಡರು. ಆಮೇಲೆ ಇಂಡಕ್ಷನ್ ಒಲೆ, ದೊಡ್ಡ ಗುಂಡಿಗಳ ಮೊಬೈಲು. ಅಕ್ಕ ಯಾವುದನ್ನೂ ಬೇಡ ಅನ್ನಲಿಲ್ಲ. ಪೆಟ್ಟಿಗೆಯನ್ನು ಕಣ್ಣಿಗೊತ್ತಿಕೊಂಡು ಮಗನ ಕೈಗೆ ಕೊಡುತ್ತಿದ್ದಳು. ಅವನು ಅದನ್ನು ಅಟ್ಟಕ್ಕೆ ಏರಿಸುತ್ತಿದ್ದ. ನಮ್ಮ ಕಡೆ ಅಟ್ಟವೆಂದರೆ ಉಂಡೆ ಕೊಬ್ಬರಿಗೆಂದು ಕಾಯಿ ಒಣಗಲು ಹಾಕುವ ಜಾಗ. ಹತ್ತಿರ ಹತ್ತಿರ ಒಂದು ವರ್ಷ ಕಾಯಿಗಳು ಅಲ್ಲೇ ಬಿದ್ದಿರುತ್ತವೆ. ನನ್ನ ಮಿಕ್ಸಿಯೂ ಗ್ರೈಂಡರೂ ಆ ಕಾಯಿಗಳ ಮಧ್ಯೆ ಒಣಗುತ್ತಾ ಕೂತಿವೆ. ಒಮ್ಮೆ ರೇಗಿಹೋಗಿ ಕೇಳಿದೆ, "ಬಳಸಕ್ಕೆ ಏನಕ್ಕಾ ಕಷ್ಟ ನಿಂಗೆ?"

"ಜ್ವಾಪಾನವಾಗಿ ಇಟ್ಟಿವ್ನಿ ಕಣಪ್ಪ. ನೀನು ಕೊಟ್ಟಿದ್ದು ಹಾಳಾಗ್ಬಾರ್ದಲ್ಲ," ಅಂದಳು. ಇದಕ್ಕೆ ಏನು ಹೇಳುವುದು? ತಲೆ ಚಚ್ಚಿಕೊಳ್ಳಬೇಕು ಅಷ್ಟೆ.

ಹೋದ ವರ್ಷ ಮಾತ್ರ ಸಂಗತಿ ಬೇರೆಯಾಯಿತು. ಹಬ್ಬಕ್ಕೆ ಮುಂಚೆ ಅಕ್ಕನ ಮಗ, ನನ್ನ ಅಳಿಯ, ಅಂಗಡಿಗೆ ಬಂದ. ಕೊಬ್ಬರಿ ಮಾರ್ಕೆಟ್ಟಿನಿಂದ ನೇರ ಬಂದಿದ್ದ. ಮುಖ ಕೆಂಡವಾಗಿತ್ತು.

"ಮಾವ, ನಮ್ಮವ್ವಂಗೆ ನೀನೇ ಹೇಳ್ಬೇಕು. ಈ ಸಲ ಕಾಯಿ ಹಸೀಲೇ ಒಡ್ಸಿಬುಟ್ಟವ್ಳೆ. ಕೊಬ್ರಿ ಒಳಗೆಲ್ಲ ಬೂಷ್ಟು. ದಲ್ಲಾಳಿ ಎಲ್ರ ಮುಂದೆ ಉಗ್ದು ಕಳಿಸ್ದ."

ನಾನು ನಂಬಲಿಲ್ಲ. ಆ ಮನೆಯಲ್ಲಿ ಕಾಯಿ ನೋಡುವುದು ಅಕ್ಕನ ಕೆಲಸ. ಮದುವೆಯಾಗಿ ಹೋದ ಹೊಸತರಲ್ಲಿ ಅವಳ ಅತ್ತೆ ಒಪ್ಪಿಸಿದ್ದು. ಅಟ್ಟದಿಂದ ಇಳಿಸಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರು ಇನ್ನೂ ಇದ್ದರೆ ಒಂದು ಸದ್ದು. ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ ಒಳಗೇ ಉರುಳುತ್ತಿದ್ದರೆ ಇನ್ನೊಂದು ಸದ್ದು. ಅವಳು ಹೂಂ ಅನ್ನುವ ತನಕ ಆ ಮನೆಯಲ್ಲಿ ಯಾರೂ ಕತ್ತಿ ಮುಟ್ಟುವುದಿಲ್ಲ. ಸೊಸೆ ಬಂದು ಒಲೆ ಹಿಡಿದ ಮೇಲೆ ಅಕ್ಕನದು ಅಂತ ಉಳಿದದ್ದು ಅದೊಂದೇ ಯಜಮಾನಿಕೆ.

"ಅವಳಿಗೆ ಕಿವಿ ಕೇಳಿಸ್ತಿಲ್ಲ ಮಾವ," ಅಂದ ಅಳಿಯ. ಈಗ ಅವನ ದನಿ ತಗ್ಗಿತ್ತು. "ಆಗೈತೆ ಆಗೈತೆ ಅಂತ ಅಂದಾಜಿನ ಮ್ಯಾಗೆ ಹೇಳ್ತಾವ್ಳೆ. ಇನ್ಮ್ಯಾಕೆ ನಾನೇ ನೋಡ್ಕೊತೀನಿ. ಅವ್ಳು ಅಟ್ಟದ ತಂಟೆಗೆ ಬರೋದು ಬ್ಯಾಡ."

ಕಿವಿಯ ವಿಷಯ ನನಗೂ ಗೊತ್ತಿದ್ದದ್ದೇ. ಅವಳ ಹತ್ತಿರ ಮಾತಾಡಬೇಕಾದರೆ ನಾನು ಕೂಗಿ ಕೂಗಿಯೇ ಗಂಟಲು ಕೆಡಿಸಿಕೊಂಡಿದ್ದೆ. ಕಣ್ಣಿನ ಡಾಕ್ಟರು ಅಂತ ಸುಳ್ಳು ಹೇಳಿ ಅಳಿಯ ಅವಳನ್ನು ಕಿವಿ ಪರೀಕ್ಷೆಗೂ ಕರೆತಂದಿದ್ದ. ಕಿವಿಗೆ ಯಂತ್ರ ಹಾಕಬೇಕು ಅಂತ ಡಾಕ್ಟರು ಅಂದರಂತೆ. ಅಕ್ಕ ಅಲ್ಲೇ ಎದ್ದು ನಿಂತಳಂತೆ. "ಕಿವುಡಿ ಅಂತ ಊರಿಗೆಲ್ಲ ತೋರಿಸ್ಕೊಂಡು ತಿರುಗ್ಲಾ? ನನ್ ಕಿವಿಗೇನಾಗೈತೆ?" ಅಂದವಳು ಆಮೇಲೆ ಆ ಮಾತನ್ನೇ ಎತ್ತಗೊಡಲಿಲ್ಲ.

ಅಟ್ಟದ ತಂಟೆಗೆ ಬರಬೇಡ ಅಂದರೆ ಅಕ್ಕ ಬಾಯಿಬಿಟ್ಟು ಅಳುವವಳಲ್ಲ. ಸುಮ್ಮನೆ ಮೂಲೆಯಲ್ಲಿ ಕೂತುಬಿಡುತ್ತಾಳೆ. ಅದಾಗಬಾರದು. ಅಳಿಯನಿಂದ ಪರೀಕ್ಷೆಯ ಚೀಟಿ ಇಸಿದುಕೊಂಡು ಹೋಗಿ ಅವಳಿಗೆ ಹೊಂದುವ ಯಂತ್ರ ತಂದೆ. ತಂದೆನೇ ಹೊರತು ಅದನ್ನು ಅವಳ ಕಿವಿಗೆ ಏರಿಸುವುದು ಹೇಗೆ? ಇದೂ ಅಟ್ಟ ಸೇರುವುದೇ ಸರಿ ಅಂತ ಹೆಂಡತಿಯ ಮುಂದೆ ಗೊಣಗಿದೆ. ಬೆಳಗಿಂದ ಗಿರಾಕಿಗಳ ಹತ್ತಿರ ಒದರಿ ಒದರಿ ಸಾಕಾಗಿತ್ತು.

ಅವಳು ಮೊರಕ್ಕೆ ಅರಿಶಿನ ಹಚ್ಚುತ್ತಾ ಕೂತಿದ್ದಳು. ತಲೆ ಎತ್ತದೆ ಅಂದಳು, "ಪೆಟ್ಟಿಗೇಲಿ ಯಾಕೆ ಕೊಡ್ತೀರಾ? ಮೊರದಾಗೆ ಇಡಿ."

"ಬಾಗಿನದಲ್ಲಾ?"

"ಹೂಂ. ತವರಿನ ಬಾಗಿನದಾಗೆ ಬಂದಿದ್ದನ್ನ ಅತ್ಗೆ ಅಟ್ಟಕ್ಕೆ ಎಸೀತಾರಾ? ಅಂಗಡಿ ಇಟ್ಕೊಂಡು ಇಷ್ಟೂ ಹೊಳೀಲಿಲ್ಲವಾ ನಿಮ್ಗೆ?"

ಅವಳು ಹೇಳಿದ್ದು ನಿಜ. ಬಾಗಿನದ ಬಳೆಯನ್ನು ಅವತ್ತೇ ತೊಡುತ್ತಾರೆ, ಬೇಳೆಬೆಲ್ಲವನ್ನು ಆ ಹಬ್ಬದಲ್ಲೇ ಅಡಿಗೆಗೆ ಹಾಕುತ್ತಾರೆ. ಅದರಲ್ಲಿ ಒಂದನ್ನು ಒಲ್ಲೆ ಅನ್ನುವುದೂ ತವರನ್ನು ಒಲ್ಲೆ ಅನ್ನುವುದೂ ಅಕ್ಕನಿಗೆ ಬೇರೆ ಬೇರೆಯಲ್ಲ. ದೇವರ ಹೆಸರಿನಲ್ಲಿ ಅವಳ ಕೈ ಕಟ್ಟಿಹಾಕುವುದು ಸರಿಯೇ ಅಂತ ಸ್ವಲ್ಪ ಅಳುಕಾಯಿತು. ಆದರೆ ಜಗಳವಾಡಿ ಒಪ್ಪಿಸುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಬಳೆಗಳ ಪಕ್ಕದಲ್ಲಿ ಆ ಪುಟ್ಟ ಡಬ್ಬಿ ಇಟ್ಟು ಮೇಲೆ ಇನ್ನೊಂದು ಮೊರ ಮುಚ್ಚಿದೆವು.

ಹಬ್ಬದ ದಿನ ಮಧ್ಯಾಹ್ನ ಅಂಗಡಿ ಬಾಗಿಲು ಎಳೆದು ಬಸ್ಸು ಹತ್ತಿದೆವು. ಬಸ್ಸಿನ ತುಂಬ ಮೊರ ಹಿಡಿದವರೇ. ನನಗೆ ಸೀಟು ಸಿಗಲಿಲ್ಲ, ಕಾಲು ಬೇರೆ ಊದಿಕೊಂಡಿತ್ತು. ಹೋದ ಮೇಲೆ ಅಕ್ಕ ಒಳಮನೆಯಲ್ಲಿ ಸೆರಗೊಡ್ಡಿ ಬಾಗಿನ ತೆಗೆದುಕೊಂಡಳು, ಗೌರಿಯ ಮುಂದೆ ಇಟ್ಟು ಕೈ ಮುಗಿದು ಮೇಲಿನ ಮೊರ ಸರಿಸಿದಳು. ಬಳೆ ತೊಟ್ಟಳು. ಡಬ್ಬಿ ತೆಗೆದು ನೋಡಿದಳು.

"ಇದೇನೇ ಇದು?"

"ಕಿವಿಗೆ ಇಡೋದು ಅತ್ಗೆ," ಅಂತ ನನ್ನ ಹೆಂಡತಿ ಜೋರಾಗಿ ಹೇಳಿದಳು.

ಅಕ್ಕ ಅವಳನ್ನು ನೋಡಲಿಲ್ಲ. ನನ್ನನ್ನೇ ದಿಟ್ಟಿಸಿದಳು. ಬಾಗಿಲಲ್ಲಿ ಅಳಿಯ ನಿಂತಿದ್ದ. "ಬಾಗಿನದಾಗೆ ಇಟ್ಟು ಕಟ್ಟಾಕ್ಬುಟ್ಯಲ್ಲೋ ನನ್ನ," ಅಂದಳು. ಕೋಪವಿತ್ತು, ಅದಕ್ಕಿಂತ ಹೆಚ್ಚಾಗಿ ಅವಮಾನವಿತ್ತು. ನಾನು ನೆಲ ನೋಡಿದೆ. ಕೊನೆಗೆ ಅವಳೇ ನನ್ನ ಹೆಂಡತಿಯ ಕಡೆ ಕಿವಿ ತಿರುಗಿಸಿ ಕೂತಳು.

ಯಂತ್ರ ಏರಿದ್ದೇ ಅಕ್ಕ ಬೆಚ್ಚಿದಳು. ತನ್ನ ಕೈಯನ್ನೇ ಅಲ್ಲಾಡಿಸಿ ಹೊಸ ಬಳೆ ನೋಡಿಕೊಂಡಳು. "ಏನಿಷ್ಟು ಗದ್ದಲ ಈ ಮನೇಲಿ!" ಅಂದಳು. ಆಮೇಲೆ ಮಗನಿಗೆ ಹೇಳಿದ್ದು ಒಂದೇ ಮಾತು. "ಅಟ್ಟದಿಂದ ಕಾಯಿ ಇಳ್ಸು."

ಅವನು ಒಂದಿಷ್ಟು ತಂದು ಅವಳ ಮುಂದೆ ಸುರಿದ. ಅಕ್ಕ ಒಂದನ್ನು ಎತ್ತಿ ಅಲ್ಲಾಡಿಸಿದಳು, ಕಣ್ಣು ಮುಚ್ಚಿ ಮತ್ತೆ ಅಲ್ಲಾಡಿಸಿದಳು. "ಇದು ಆಗಿಲ್ಲ." ಇನ್ನೊಂದನ್ನು ಎತ್ತಿದಳು. "ಇದೂ ಆಗಿಲ್ಲ." ಮೂರನೆಯದನ್ನು ಬಹಳ ಹೊತ್ತು ಹಿಡಿದಿದ್ದು ಮಗನ ಕಡೆ ಚಾಚಿದಳು. "ಇದು ಆಗೈತೆ. ಒಡಿ."

ಅವನು ಸುಲಿದು ಒಡೆದ. ಚಿಪ್ಪಿನೊಳಗಿಂದ ಉಂಡೆ ಕೊಬ್ಬರಿ ಇಡಿಯಾಗಿ ಅವನ ಅಂಗೈಗೆ ಉರುಳಿತು, ಒಂದು ತೊಟ್ಟು ಪಸೆ ಇರಲಿಲ್ಲ. ಮೊದಲ ಕಾಯನ್ನು ಒಡೆದರೆ ನೀರು ಕಾಲ ಮೇಲೆ ಚೆಲ್ಲಿತು. ಅಳಿಯ ತಲೆ ಕೆರೆದುಕೊಂಡ. "ಹಂಗಾರೆ ನೀನೇ ನೋಡ್ಕಳವ್ವ," ಅಂದ. ಅಕ್ಕ ಉಳಿದ ಕಾಯಿಗಳನ್ನು ತನ್ನ ಕಡೆಗೆ ಎಳೆದುಕೊಂಡಳು.

 ನಾನು ಹಳೇ ಅಭ್ಯಾಸದಂತೆ ಹತ್ತಿರ ಬಗ್ಗಿ ಕೂಗಿದೆ, "ಚೆನ್ನಾಗಿ ಕೇಳಿಸ್ತೈತಾ ಅಕ್ಕಾ?"

"ಯಾಕ್ಲಾ ಹಂಗೆ ಬಡ್ಕಂತೀಯ? ಮೆತ್ತಗೆ ಮಾತಾಡು."

ಎಲ್ಲರೂ ನಕ್ಕರು. ನಾನೂ ನಕ್ಕು ಕಂಬಕ್ಕೆ ಒರಗಿ ಮೆಲ್ಲಗೆ ಹೇಳಿದೆ, "ಏನಿಲ್ಲ ಬುಡು ಅಕ್ಕ. ಅಂಗಡೀಲಿ ಹಬ್ಬದ ರಶ್ಶು, ಅದೇ ಗಲಾಟೆ. ಇನ್ನೇನು ಮುಗೀತು."

ಅಕ್ಕನ ಕೈಯಲ್ಲಿದ್ದ ಕಾಯಿ ಅಲ್ಲೇ ನಿಂತಿತು. ಕಾಯನ್ನು ಆಲಿಸಿದ್ದ ಹಾಗೆಯೇ ಕಣ್ಣು ಮುಚ್ಚಿ ನನ್ನನ್ನು ಆಲಿಸಿದಳು.

"ನಿನ್ ದನಿ ಯಾವಾಗಿಂದ ಹಿಂಗಾಯ್ತು?"

"ಹೆಂಗೆ?"

"ನಮ್ಮಪ್ಪ ಸಂತೆ ಮುಗಿಸ್ಕೊಂಡು ಬಂದು ಜಗಲಿ ಮ್ಯಾಲೆ ಕೂತ್ಕೊಂಡು ಮಾತಾಡ್ತಿತ್ತಲ್ಲ, ಹಂಗೆ. ಅಷ್ಟು ಸೋತೋಗಿದ್ದೀಯೇನೋ?"

 ಇಷ್ಟು ವರ್ಷ ಅವಳಿಗೆ ಕೇಳಿಸಿದ್ದು ನನ್ನ ಕೂಗು ಮಾತ್ರ. ಕಣ್ಣು ತುಂಬಿಕೊಂಡಿತು, ಅದನ್ನು ಅಳಿಯನಿಗೆ ಕಾಣದಂತೆ ಒರೆಸಲು ಟವಲು ಹುಡುಕುತ್ತಿದ್ದೆ. ಅಕ್ಕ ಕಾಯಿ ಕೆಳಗಿಟ್ಟು, ಮಂಡಿ ಹಿಡಿದುಕೊಂಡು ಮೇಲೆದ್ದಳು.

"ಕೂತ್ಕ," ಅಂದಳು. "ನೀರು ತತ್ತೀನಿ."