ಓವರ್ ಮಾಮನ ‘ರಿಪೀಟ್’

ಓವರ್ ಮಾಮನ ಪಕ್ಕದಲ್ಲಿ ಕೂತು ಯುದ್ಧದ ಸಿನಿಮಾ ನೋಡುವ ಗ್ರಹಚಾರ ಯಾರಿಗೂ ಬೇಡ. ತೆರೆಯ ಮೇಲೆ ಹೀರೋ ಇನ್ನೂ ಬೂಟಿನ ದಾರ ಕಟ್ಟುತ್ತಿರುವಾಗಲೇ ಇವರ ಗೊಣಗಾಟ ಶುರುವಾಗುತ್ತದೆ. “ಹೆಲ್ಮೆಟ್ ಎಲ್ಲಿ? ಇಲ್ಲ. ಮಹಾರಾಯನ ಕೂದಲು ಕಾಣಬೇಕಲ್ಲ!” ಆಮೇಲೆ ಗುಂಡು ಎಣಿಸಲು ಕೂರುತ್ತಾರೆ. “ಮೂವತ್ತಾಯ್ತು, ನಲವತ್ತಾಯ್ತು, ಇನ್ನೂ ಹೊಡೀತಾನೇ ಇದಾನೆ. ಬಂದೂಕಿಗೇನು ನಲ್ಲಿ ಹಾಕಿಸಿದಾರಾ?” ಹಿಂದಿನ ಸಾಲಿನವರು ಶ್ ಶ್ ಎನ್ನುತ್ತಾರೆ. ಅವರ ಹೆಂಡತಿ ಮೂರು ಕುರ್ಚಿ ಆಚೆ ಹೋಗಿ, ಈ ಮನುಷ್ಯನಿಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ಕೂರುತ್ತಾರೆ.

ಮಾಮ ಒಂಬತ್ತು ವರ್ಷ ಸೈನ್ಯದಲ್ಲಿ ವೈರ್‌ಲೆಸ್ ಆಪರೇಟರ್ ಆಗಿದ್ದವರು. ಅಲ್ಲಿಂದ ಬಂದು ಮೂವತ್ತಮೂರು ವರ್ಷವಾಯಿತು. ಈಗ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಫ್ಯಾನು, ಇಸ್ತ್ರಿಪೆಟ್ಟಿಗೆ, ರೇಡಿಯೋ ರಿಪೇರಿ ಮಾಡುವ ಚಿಕ್ಕ ಅಂಗಡಿ ಅವರದು. ಸೈನ್ಯ ಬಿಟ್ಟರೂ ನಾಲಿಗೆ ಬಿಟ್ಟಿಲ್ಲ. ಮನೆಗೆ ಫೋನ್ ಮಾಡಿದರೂ “ಬರ್ತಾ ಈರುಳ್ಳಿ ತರ್ಲಾ? ಓವರ್” ಎನ್ನುತ್ತಾರೆ. ಬೀದಿಯವರು ಅದನ್ನೇ ಅವರಿಗೆ ಹೆಸರಾಗಿ ಕಟ್ಟಿಬಿಟ್ಟರು. ಸಿನಿಮಾದವರ ‘ಓವರ್ ಅಂಡ್ ಔಟ್’ ಕೇಳಿದರಂತೂ ಅವರಿಗೆ ಪಿತ್ತ ನೆತ್ತಿಗೇರುತ್ತದೆ. “ಓವರ್ ಅಂದ್ರೆ ನನ್ನ ಮಾತು ಆಯ್ತು, ನೀನು ಮಾತಾಡು ಅಂತ. ಔಟ್ ಅಂದ್ರೆ ಇನ್ನು ಮಾತೇ ಬೇಡ ಅಂತ. ಎರಡನ್ನೂ ಒಟ್ಟಿಗೆ ಹೇಳೋದು ಅಂದ್ರೆ ಬನ್ನಿ ಬನ್ನಿ ಅಂತ ಕರೆದು ಮುಖದ ಮೇಲೆ ಬಾಗಿಲು ಹಾಕಿದ ಹಾಗೆ!” ಈ ಭಾಷಣವನ್ನು ಆ ಬೀದಿಯಲ್ಲಿ ಕೇಳದವರಿಲ್ಲ. ಕೆಲವರು ನಾಲ್ಕು ಸಲ ಕೇಳಿದ್ದಾರೆ.

ಆದರೆ ಒಂದು ಮಾತಿಗೆ ಮಾತ್ರ ಮಾಮ ಭಾಷಣ ಮಾಡುವುದಿಲ್ಲ. ತೆರೆಯ ಮೇಲೆ ಯಾವನಾದರೂ ವೈರ್‌ಲೆಸ್ ಹಿಡಿದು “ರಿಪೀಟ್! ರಿಪೀಟ್!” ಎಂದು ಅರಚಿದರೆ ಸಾಕು, ತುಟಿ ಪಿಟಕ್ಕೆನ್ನದೆ ಎದ್ದು ಹೊರಗೆ ಹೋಗಿಬಿಡುತ್ತಾರೆ. ಸಿನಿಮಾ ಮುಗಿಯುವವರೆಗೂ ಟಿಕೆಟ್ ಕಿಟಕಿಯ ಹತ್ತಿರ ನಿಂತಿರುತ್ತಾರೆ. ಹೀಗೆ ನಡುವೆಯೇ ಎದ್ದು ಹೋಗುವುದನ್ನು ನೋಡಿ, ಇವರಿಗೆ ಸಕ್ಕರೆ ಕಾಯಿಲೆ ಇರಬೇಕೆಂದು ಹೆಂಡತಿ ಎರಡು ಸಲ ರಕ್ತ ಪರೀಕ್ಷೆ ಮಾಡಿಸಿದರು. ಏನೂ ಇರಲಿಲ್ಲ.

ಇಂಥ ಮನುಷ್ಯನನ್ನು ಹುಡುಕಿಕೊಂಡು ಒಂದು ದಿನ ಸಿನಿಮಾ ನಿರ್ದೇಶಕನೇ ಅಂಗಡಿಗೆ ಬಂದ. ಮೂವತ್ತು ದಾಟದ ವಯಸ್ಸು, ತಲೆಯ ಮೇಲೆ ಟೋಪಿ, ಕೈಯಲ್ಲಿ ಎರಡು ಫೋನು. ಮಾಮ ಇದ್ದ ಯುದ್ಧದ ಮೇಲೇ ಸಿನಿಮಾ ತೆಗೆಯುತ್ತಿದ್ದಾನಂತೆ. ಅದೂ ಮಾಮ ಇದ್ದ ಗುಡ್ಡದ ಕಾಳಗದ ಮೇಲೆ. “ಸಾರ್, ನೀವು ಸಲಹೆಗಾರರಾಗಿ ಬರ್ಬೇಕು. ಎಲ್ಲಾ ರಿಯಲ್ ಆಗಿರ್ಬೇಕು ನಂಗೆ” ಎಂದ. ಮಾಮನಿಗೆ ಬೇಡವೆನ್ನುವ ಮನಸ್ಸಿತ್ತು. ಆದರೆ ಊಟದ ಡಬ್ಬಿ ಕೊಡಲು ಬಂದಿದ್ದ ಹೆಂಡತಿ “ಹೋಗಿ ಬನ್ನಿ, ಜನ್ಮದಲ್ಲಿ ಒಂದು ಸಿನಿಮಾನಾದ್ರೂ ನಿಮ್ಮಿಷ್ಟದ ಹಾಗೆ ಆಗ್ಲಿ. ನಮ್ಮ ಕಿವಿಗಾದ್ರೂ ಪುಣ್ಯ ಬರ್ಲಿ” ಎಂದರು. ಮಾಮ ಹೋದರು.

ಮುಚ್ಚಿದ ಹಳೆಯ ಕಾರ್ಖಾನೆಯೊಂದರ ಹಿತ್ತಲಲ್ಲಿ ಮಣ್ಣು ಸುರಿದು ಗುಡ್ಡ ಮಾಡಿದ್ದರು. ಅಲ್ಲಿ ಮಾಮ ಪಟ್ಟ ಪಾಡು ದೇವರಿಗೇ ಪ್ರೀತಿ. ಕಾವಲಿನ ಸೈನಿಕ ಕತ್ತಲಲ್ಲಿ ಸಿಗರೇಟು ಹಚ್ಚುವ ದೃಶ್ಯ. “ಮೈಲಿ ದೂರದಿಂದ ಕಿಡಿ ಕಾಣುತ್ತಪ್ಪಾ, ತಲೆಗೇ ಹೊಡೀತಾರೆ” ಎಂದರು. “ಸಾರ್, ಮುಖಕ್ಕೆ ಬೆಳಕು ಬೇಕು” ಎಂದ ನಿರ್ದೇಶಕ. ಯುದ್ಧವೆಂದರೆ ಮುಕ್ಕಾಲುಪಾಲು ಕಾಯುವುದು, ಒದ್ದೆ ಕಾಲುಚೀಲ, ಬೆರಳ ಸಂದಿಯ ಹುಣ್ಣು, ಪಕ್ಕದವನ ಗೊರಕೆ ಎಂದರು. “ಕಾಯೋದನ್ನ ಯಾರು ಸಾರ್ ನೋಡ್ತಾರೆ?” ಎಂದ. ಗಾಯವಾದವನು ಅಷ್ಟುದ್ದ ಮಾತಾಡುವುದಿಲ್ಲ ಎಂದರು. “ಅವರು ನಮ್ಮ ದೊಡ್ಡ ನಟರು ಸಾರ್, ಮಾತಿಲ್ಲದೆ ಸಾಯಲ್ಲ” ಎಂದ. ರಿಯಲ್ ಬೇಕು ರಿಯಲ್ ಬೇಕು ಎಂದು ದಿನಕ್ಕೆ ಮೂವತ್ತು ಸಲ ಹೇಳುವ ಈ ಪ್ರಾಣಿಗೆ ರಿಯಲ್ ಎಂದರೆ ಏನೆಂದು ಒಬ್ಬರಾದರೂ ಕೇಳಬಾರದೇ! ಮಾಮ ಸಂಜೆ ಮನೆಗೆ ಬಂದು ತಲೆ ಚಚ್ಚಿಕೊಳ್ಳುತ್ತಿದ್ದರು. ಬೆಳಿಗ್ಗೆ ಮತ್ತೆ ಹೋಗುತ್ತಿದ್ದರು.

ಎಂಟನೆಯ ದಿನ ಮಧ್ಯಾಹ್ನ ನಿರ್ದೇಶಕ ನಾಲ್ಕು ಹಾಳೆ ತಂದುಕೊಟ್ಟ. “ಇದೇ ಸಾರ್ ನಮ್ಮ ಸಿನಿಮಾದ ಜೀವ. ಒಂದ್ಸಲ ನೋಡ್ಬಿಡಿ.”

ಮಾಮ ಕನ್ನಡಕ ಹಾಕಿಕೊಂಡು ಓದಿದರು. ಮುಂಚೂಣಿಯಲ್ಲಿ ವೈರ್‌ಲೆಸ್ ಹಿಡಿದ ಉದ್ದನೆಯ ಸೈನಿಕ. ಹೆದರಿ ಬೆವರುತ್ತಾನೆ. ಕೈ ನಡುಗುತ್ತದೆ. “ರಿಪೀಟ್” ಎಂದುಬಿಡುತ್ತಾನೆ. ಹಿಂದಿನಿಂದ ಫಿರಂಗಿಗಳು ಅದೇ ಜಾಗಕ್ಕೆ ಮತ್ತೆ ಗುಂಡು ಹಾಕುತ್ತವೆ. ಆ ಜಾಗದಲ್ಲಿ ಆ ಹೊತ್ತಿಗೆ ನಮ್ಮವರೇ ಇರುತ್ತಾರೆ. ಐದು ಜನ ಸಾಯುತ್ತಾರೆ. ಉದ್ದನೆಯವನೂ ಸಾಯುತ್ತಾನೆ, ಸಾಯುವ ಮೊದಲು ಒಂದು ಪುಟದಷ್ಟು ಕ್ಷಮೆ ಕೇಳುತ್ತಾನೆ.

ಆ ಉದ್ದನೆಯವನನ್ನು ಮಾಮ ಬಲ್ಲರು. ಅವನನ್ನು ಎಲ್ಲರೂ ಏಣಿ ಎನ್ನುತ್ತಿದ್ದರು. ಒಂದೇ ಊರಿನವರು, ಒಂದೇ ದಿನ ಸೈನ್ಯಕ್ಕೆ ಸೇರಿದವರು. ಮತ್ತು ಅವನು ಆ ಮಾತು ಹೇಳಲಿಲ್ಲವೆಂದು ಬದುಕಿರುವವರಲ್ಲಿ ಗೊತ್ತಿದ್ದದ್ದು ಮಾಮನಿಗೆ ಒಬ್ಬರಿಗೇ.

ವಿಷಯ ಇಷ್ಟೇ. ನಾವು ನೀವು ಮಾತು ಕೇಳಿಸದಿದ್ದರೆ ‘ರಿಪೀಟ್ ಮಾಡಿ’ ಎನ್ನುತ್ತೇವೆ. ಸೈನ್ಯದ ವೈರ್‌ಲೆಸ್ಸಿನಲ್ಲಿ ಹಾಗೆನ್ನುವಂತಿಲ್ಲ. ಅಲ್ಲಿ ‘ರಿಪೀಟ್’ ಎನ್ನುವುದು ಫಿರಂಗಿಯವರಿಗೆ ಕೊಡುವ ಆಜ್ಞೆ: ಈಗ ಹೊಡೆದ ಜಾಗಕ್ಕೇ ಮತ್ತೆ ಹೊಡೆಯಿರಿ ಎಂದು. ಕೇಳಿಸದಿದ್ದರೆ ‘ಸೇ ಅಗೇನ್’ ಎನ್ನಬೇಕು. ಇದನ್ನು ತರಬೇತಿಯ ಮೊದಲ ವಾರದಲ್ಲೇ ಹೇಳಿಕೊಟ್ಟಿರುತ್ತಾರೆ. ಆ ಬೆಳಿಗ್ಗೆ ಏಣಿ ಮುಂದಿದ್ದ, ಫಿರಂಗಿಗಳು ಹಿಂದಿದ್ದವು, ಎರಡರ ನಡುವಿನ ದಿಬ್ಬದ ಮೇಲೆ ಮಾತು ದಾಟಿಸಲು ಮಾಮ ಕೂತಿದ್ದರು. ಮೊದಲ ಸುತ್ತು ಬಿತ್ತು. ಏಣಿ ಏನೋ ಹೇಳಿದ. ಗರಗರ ಸದ್ದಿನಲ್ಲಿ ‘ನಮ್ಮವರು’ ಎಂಬುದೊಂದೇ ಕೇಳಿಸಿತು. ಎರಡು ರಾತ್ರಿ ನಿದ್ದೆ ಇಲ್ಲದ ಇಪ್ಪತ್ತನಾಲ್ಕು ವರ್ಷದ ಮಾಮ ಗುಂಡಿ ಒತ್ತಿ, “ರಿಪೀಟ್, ಓವರ್” ಎಂದರು. ಫಿರಂಗಿಯವರು ಕೇಳಿಸಿಕೊಂಡರು.

ವಿಚಾರಣೆಯಲ್ಲಿ ಅಧಿಕಾರಿ, “ಆ ಮಾತು ಮುಂದಿನಿಂದ ಬಂತಾ?” ಎಂದು ಕೇಳಿದ. “ಸದ್ದು ತುಂಬಾ ಇತ್ತು ಸಾರ್, ಸರಿಯಾಗಿ ಗೊತ್ತಾಗ್ಲಿಲ್ಲ” ಎಂದರು ಮಾಮ. ಸುಳ್ಳು ಹೇಳಲಿಲ್ಲವಲ್ಲ ಎಂದು ಆಗ ಸಮಾಧಾನ ಮಾಡಿಕೊಂಡರು. ಸತ್ತವನು ಎದ್ದು ಬಂದು ಅಲ್ಲಗಳೆಯುವಂತಿರಲಿಲ್ಲ. ತಪ್ಪು ಏಣಿಯ ಹೆಸರಿಗೆ ಹೋಯಿತು. ಯಾರೂ ಮಾಮನನ್ನು ಎರಡನೆಯ ಸಲ ಕೇಳಲಿಲ್ಲ.

“ಇದು ತೆಗೆದುಬಿಡಿ” ಎಂದರು ಮಾಮ ಹಾಳೆ ವಾಪಸು ಕೊಡುತ್ತ.

“ಏನು ತಪ್ಪಿದೆ ಸಾರ್?”

“ಎಲ್ಲಾ ತಪ್ಪಿದೆ. ಅವನು ಹೆದರೋ ಆಸಾಮಿ ಅಲ್ಲ.”

“ವರದಿಯಲ್ಲೇ ಇದೆಯಲ್ಲ ಸಾರ್! ನೀವೇ ಅಲ್ವಾ ಸಾಕ್ಷಿ?” ನಿರ್ದೇಶಕ ನಕ್ಕ. “ಸಂಜೆ ಅವರ ಹೆಂಡತಿ ಹತ್ರ ಹೋಗೋಣ. ಇದೆಲ್ಲಾ ನಡೆದದ್ದು ನಿಜ, ತೋರಿಸೋಕೆ ಒಪ್ಪಿಗೆ ಇದೆ ಅಂತ ಒಂದು ಸಹಿ ಬೇಕು. ಸಾಕ್ಷಿ ಸಹಿ ನಿಮ್ಮದೇ ಇರ್ಲಿ. ನಿಮ್ಮ ಮಾತಂದ್ರೆ ಅವರಿಗೆ ನಂಬಿಕೆಯಂತೆ.”

ನಂಬಿಕೆ ಏಕಿರುವುದಿಲ್ಲ? ಏಣಿಯ ಹೆಂಡತಿಯನ್ನು ಮಾಮ ಅತ್ತಿಗೆ ಎನ್ನುತ್ತಾರೆ. ಎರಡು ಬೀದಿ ಆಚೆ ಅವರ ಹೊಲಿಗೆ ಅಂಗಡಿ. ಹೊಲಿಗೆ ಯಂತ್ರದ ಮೋಟಾರು ಕೆಟ್ಟರೂ, ಮನೆಯ ದೀಪ ಹೋದರೂ, ಬಾಗಿಲ ಚಿಲಕ ಸಡಿಲವಾದರೂ ಮಾಮ ಹಾಜರು. ಗಂಡನ ಗೆಳೆಯ ಅಂದರೆ ಹೀಗಿರಬೇಕು ಎಂದು ಬೀದಿಯೆಲ್ಲ ಹೊಗಳುವಾಗ ಮಾಮ ಸ್ಕ್ರೂಡ್ರೈವರ್ ಹುಡುಕುವವರಂತೆ ಚೀಲದೊಳಗೆ ಕೈ ಹಾಕಿಕೊಂಡಿರುತ್ತಿದ್ದರು. ಎಷ್ಟೋ ಸಲ ಹೇಳಿಬಿಡಬೇಕೆಂದು ಹೊರಟು, ಫ್ಯಾನಿನ ರೆಕ್ಕೆ ಒರೆಸಿ ಬಂದದ್ದುಂಟು.

ಸಂಜೆ ಹೋದರು. ಅಂಗಡಿಯಲ್ಲಿ ಅರ್ಧ ಹೊಲಿದ ಅಂಗಿಗಳು, ನೆಲದ ಮೇಲೆ ಬಟ್ಟೆ ಚೂರು. ಅತ್ತಿಗೆ ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದಿಟ್ಟು ಎರಡು ಸ್ಟೂಲು ಎಳೆದರು. ನಿರ್ದೇಶಕ ಬಹಳ ನಯವಾಗಿ ಎಲ್ಲ ಹೇಳಿದ. ನಿಮ್ಮ ಯಜಮಾನರನ್ನು ಕೆಟ್ಟದಾಗಿ ತೋರಿಸುವುದಿಲ್ಲ, ಮನುಷ್ಯ ತಪ್ಪು ಮಾಡುತ್ತಾನೆ, ಕೊನೆಗೆ ಅವರು ಕ್ಷಮೆ ಕೇಳುವಾಗ ಚಿತ್ರಮಂದಿರವೇ ಅಳುತ್ತದೆ ಎಂದ.

ಅತ್ತಿಗೆ ಮಡಿಲಿನ ದಾರದ ಚೂರುಗಳನ್ನು ಕೊಡವಿಕೊಂಡರು. “ಊರಿಗೆಲ್ಲಾ ಗೊತ್ತಿರೋದೇ ಅಲ್ವಾ. ನಾನು ಬೇಡ ಅಂದ್ರೆ ಸುಳ್ಳಾಗುತ್ತಾ? ಕೊಡಿ” ಎಂದು ಪೆನ್ನು ತೆಗೆದುಕೊಂಡರು. ನಂತರ ಮಾಮನ ಕಡೆ ತಿರುಗಿ, “ಎಲ್ಲಿ ಹಾಕ್ಬೇಕು, ತೋರಿಸಿ” ಎಂದರು.

ಬೆರಳು ತೋರಿಸಬೇಕಿತ್ತು, ಅಷ್ಟೇ. ಮಾಮನಿಂದ ಆಗಲಿಲ್ಲ. ಇಷ್ಟು ವರ್ಷ ಮುಚ್ಚಿಟ್ಟಿದ್ದದ್ದು ಆ ಸ್ಟೂಲಿನ ಮೇಲೆ ಹೊರಗೆ ಬಂತು.

“ಹಾಕ್ಬೇಡಿ ಅತ್ತಿಗೆ. ರಿಪೀಟ್ ಅಂದದ್ದು ಅವನಲ್ಲ. ನಾನು.”

ಆಮೇಲೆ ದಿಬ್ಬ, ಗರಗರ ಸದ್ದು, ಗುಂಡಿ ಒತ್ತಿದ್ದು, ವಿಚಾರಣೆ ಎಲ್ಲವನ್ನೂ ಹೇಳಿದರು. ನಿರ್ದೇಶಕನ ಬಾಯಿ ತೆರೆದೇ ಇತ್ತು. ಮಾಮ ನಿಲ್ಲಿಸಿದ್ದೇ ತಡ, “ಸಾರ್, ಇದು ಇನ್ನೂ ಚೆನ್ನಾಗಿದೆ! ನೀವು ಹೀಗೇ ಕೂತ್ಕೊಂಡು ಅಮ್ಮನ ಮುಂದೆ ಇನ್ನೊಂದ್ಸಲ...” ಎಂದು ಫೋನು ಎತ್ತಿದ.

“ನೀವು ಹೊರಗೆ ನಿಂತ್ಕೊಳ್ಳಪ್ಪ” ಎಂದರು ಅತ್ತಿಗೆ. ದನಿ ಎತ್ತಲಿಲ್ಲ. ಅವನು ಎದ್ದು ಹೋದ.

ಅವರು ಸಹಿಯ ಕಾಗದವನ್ನು ಬಟ್ಟೆ ಚೂರುಗಳ ಮೇಲೆ ಬಿಸಾಡಿದರು. ಅಳುತ್ತಾರೇನೋ ಎಂದು ಮಾಮ ಹೆದರಿದ್ದರು. ಅತ್ತಿಗೆ ಅಳಲಿಲ್ಲ, ರೇಗಿದರು.

“ಹೆಲ್ಮೆಟ್ ಇಲ್ಲ ಅಂತ ಬೈದ್ರಿ. ಗುಂಡು ಜಾಸ್ತಿಯಾಯ್ತು ಅಂತ ಬೈದ್ರಿ. ಬಂದ ಬಂದ ಸಿನಿಮಾನೆಲ್ಲಾ ಸುಳ್ಳು ಸುಳ್ಳು ಅಂತ ಬೀದಿಯಲ್ಲಿ ನಿಂತು ಬೈದ್ರಿ. ಅಷ್ಟು ದೊಡ್ಡ ಬಾಯಿ ಇತ್ತಲ್ಲ ನಿಮಗೆ! ತಿಂಗಳಿಗೆರಡು ಸಲ ಇದೇ ಸ್ಟೂಲಿನ ಮೇಲೆ ಕೂತು ಚಹಾ ಕುಡಿದ್ರಲ್ಲ. ಒಂದು ದಿನ, ಒಂದೇ ಒಂದು ದಿನ ನನಗೆ ಹೇಳೋಕಾಗ್ಲಿಲ್ವಾ?”

ಆಡಬಹುದಾದ ಮಾತುಗಳನ್ನೆಲ್ಲ ಮಾಮ ಸಿನಿಮಾಗಳ ಮೇಲೆ ಖರ್ಚು ಮಾಡಿಬಿಟ್ಟಿದ್ದರು.

“ನನ್ನದು ಬಿಡಿ” ಎಂದರು ಅತ್ತಿಗೆ. “ನನ್ನ ಮಗ ಸ್ಕೂಲಲ್ಲಿ ದಿನಾ ಹೊಡೆದಾಡ್ಕೊಂಡು ಬರ್ತಿದ್ದ. ತನ್ನವರನ್ನೇ ಕೊಂದವನ ಮಗ ಅಂತಿದ್ರು. ಹದಿನಾಲ್ಕನೇ ವರ್ಷಕ್ಕೆ ಹೊಡೆದಾಡೋದು ಬಿಟ್ಟ. ಅವರಪ್ಪನ ಫೋಟೋನ ಗೋಡೆಯಿಂದ ತಾನೇ ಇಳಿಸಿದ. ಇವತ್ತಿಗೂ ಅವನ ಮನೇಲಿ ಅಪ್ಪನದು ಒಂದು ಫೋಟೋ ಇಲ್ಲ, ಅವನ ಮಕ್ಕಳಿಗೆ ತಾತನ ಹೆಸರು ಗೊತ್ತಿಲ್ಲ.” ಹೇಳುತ್ತಲೇ ಫೋನಿನ ಗುಂಡಿ ಒತ್ತಿದರು. ಅತ್ತ ರಿಂಗಾಗುತ್ತಿರುವಾಗಲೇ ಮಾಮನ ಕೈಗೆ ಕೊಟ್ಟರು. “ನಾನು ಹೇಳಲ್ಲ. ನೀವೇ ಹೇಳಿ.”

“ಹೇಳಮ್ಮ” ಎಂದಿತು ಅತ್ತಲಿನ ದನಿ. ಹಿಂದೆ ಮಕ್ಕಳ ಗಲಾಟೆ ಕೇಳಿಸುತ್ತಿತ್ತು.

ಮಾಮ ತಾವು ಯಾರೆಂದು ಹೇಳಿದರು. ಆಮೇಲೆ ಉಳಿದದ್ದನ್ನು ಹೇಳಿದರು. ಸದ್ದಿತ್ತು, ನಿದ್ದೆ ಇರಲಿಲ್ಲ, ಚಿಕ್ಕ ವಯಸ್ಸು ಎಂಬ ಯಾವ ಮಾತನ್ನೂ ಈ ಸಲ ಸೇರಿಸಲಿಲ್ಲ. “ನಿಮ್ಮಪ್ಪ ಅಲ್ಲಿ ನಮ್ಮವರಿದಾರೆ ಅಂತಲೇ ಹೇಳಿದ್ದು ಕಣಪ್ಪ. ಹೊಡೀರಿ ಅಂದವನು ನಾನು” ಎಂದರು.

ಬೈಗುಳಕ್ಕೆ ಮಾಮ ತಯಾರಾಗಿದ್ದರು, ಬೈದರೆ ಸಾಕೆಂದು ಕಾದರು. ಅವನು ಬೈಯಲಿಲ್ಲ. “ಅಮ್ಮನಿಗೆ ಫೋನ್ ಕೊಡಿ” ಎಂದಷ್ಟೇ ಹೇಳಿದ.

ಅತ್ತಿಗೆ ಫೋನನ್ನು ಕಿವಿಗಿಟ್ಟುಕೊಂಡು ಕೇಳಿದರು. ಅಲ್ಲಿಯವರೆಗೆ ಒಣಗಿದ್ದ ಅವರ ಕಣ್ಣು ತುಂಬಿತು.

“ಇದೆ ಕಣೋ” ಎಂದರು. “ಪೆಟ್ಟಿಗೆಯಲ್ಲಿ ಎತ್ತಿಟ್ಟಿದೀನಿ. ಗಾಜು ಒಡೆದಿಲ್ಲ. ಮಕ್ಕಳನ್ನೂ ಕರ್ಕೊಂಡು ಬಾ.”